ಬಿಎಂಎಸ್ ಬದಲಿಸುವ ಮೊದಲು ಅಳೆದು ನೋಡಿ: ವಿದ್ಯುತ್ ವಾಹನದ ಬ್ಯಾಟರಿಯಲ್ಲಿ ದೋಷ ಹುಡುಕುವ ಬಗೆ

ಹೋದ ಬೇಸಿಗೆಯಲ್ಲಿ ದಾವಣಗೆರೆಯ ನನ್ನ ಕಾರ್ಯಾಗಾರಕ್ಕೆ ಸರಕು ಸಾಗಿಸುವ ಒಂದು ವಿದ್ಯುತ್ ಆಟೊ ಬಂದಿತ್ತು. ಚಾರ್ಜಿಗೆ ಹಾಕಿದರೆ ಶೇ. 70 ದಾಟುತ್ತಿದ್ದಂತೆ ತಾನಾಗಿಯೇ ನಿಂತುಹೋಗುತ್ತಿತ್ತು. ಮಾಲೀಕರು ಮೊದಲು ಚಾರ್ಜರ್ ಬದಲಿಸಿದ್ದರು, ಅದರಿಂದ ಸರಿಹೋಗದಿದ್ದಾಗ ಬೇರೊಂದು ಕಡೆ ಬಿಎಂಎಸ್ ಬೋರ್ಡನ್ನೇ (ಬ್ಯಾಟರಿಯ ಪ್ರತಿ ಸೆಲ್ಲನ್ನೂ ಅಳೆದು, ಮಿತಿ ಮೀರಿದರೆ ಕರೆಂಟನ್ನು ತಡೆಯುವ ಕಾವಲು ಬೋರ್ಡು) ಬದಲಿಸಿಕೊಂಡಿದ್ದರು, ಆದರೂ ತೊಂದರೆ ಇದ್ದಲ್ಲಿಯೇ ಇತ್ತು. ಕೊನೆಗೆ ದೋಷ ಸಿಕ್ಕಿದ್ದು ಬಿಳಿ ಬಣ್ಣದ ಪುಟ್ಟ ಕನೆಕ್ಟರಿನೊಳಗೆ ಸಡಿಲವಾಗಿದ್ದ ಒಂದೇ ಒಂದು ಪಿನ್ನಿನಲ್ಲಿ. ಆ ಪಿನ್ನನ್ನು ಹುಡುಕಿದ ಬಗೆಯನ್ನು ಮುಂದೆ ವಿವರಿಸುತ್ತೇನೆ. ಅದಕ್ಕೂ ಮೊದಲು ಇಡೀ ಕೆಲಸಕ್ಕೆ ಆಧಾರವಾದ ಒಂದು ಮಾತನ್ನು ಹೇಳಬೇಕು. ಬಿಎಂಎಸ್ ತೋರಿಸುವ ಅಂಕಿ ಒಂದು, ನಿಮ್ಮ ಕೈಯಲ್ಲಿರುವ ಮೀಟರ್ ತೋರಿಸುವ ಅಂಕಿ ಇನ್ನೊಂದು. ಈ ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡಿದರೆ ದೋಷ ಎಲ್ಲಿದೆಯೆಂಬುದು ಹೆಚ್ಚಿನ ಸಂದರ್ಭಗಳಲ್ಲಿ ತಾನಾಗಿ ತಿಳಿಯುತ್ತದೆ. ಎರಡೂ ಅಂಕಿ ಒಂದೇ ಆಗಿದ್ದು ಅದು ಕೆಟ್ಟ ಅಂಕಿಯಾಗಿದ್ದರೆ ಬಿಎಂಎಸ್ ನಿಜ ಹೇಳುತ್ತಿದೆ, ಸೆಲ್ಲಿನಲ್ಲಿ ತೊಂದರೆ ಇದೆ. ಎರಡೂ ಬೇರೆಬೇರೆಯಾಗಿದ್ದರೆ ಅಳೆಯುವ ದಾರಿಯಲ್ಲಿ, ಎಂದರೆ ತಂತಿ, ಪಿನ್ನು, ಸಂವೇದಕ ಅಥವಾ ಬೋರ್ಡಿನಲ್ಲಿ ತೊಂದರೆ ಇದೆ. ಎರಡೂ ಸರಿಯಾಗಿದ್ದು ವಾಹನ ಮಾತ್ರ ಚಲಿಸದಿದ್ದರೆ ಕರೆಂಟನ್ನು ಬಿಡುವ, ತಡೆಯುವ ಸ್ವಿಚ್ಚಿನ ಕಡೆ ಅಥವಾ ಸಂದೇಶ ಸಾಗಿಸುವ ತಂತಿಗಳ ಕಡೆ ನೋಡಬೇಕು.

ಈ ಬರಹ ಮುಖ್ಯವಾಗಿ 48ರಿಂದ 60 ವೋಲ್ಟ್ ವರ್ಗದ ಸ್ಕೂಟರ್ ಮತ್ತು ಆಟೊಗಳ ಲಿಥಿಯಂ ಬ್ಯಾಟರಿಗಳಿಗೆ ಸಂಬಂಧಿಸಿದೆ. ವಿದ್ಯುತ್ ಕೆಲಸದಲ್ಲಿ ಕೈ ಪಳಗಿದ ಮೆಕ್ಯಾನಿಕರು ಮತ್ತು ಐಟಿಐ, ಡಿಪ್ಲೊಮಾ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಕಾರುಗಳ ವಿಷಯವನ್ನು ಕೊನೆಯ ಕಡೆ ಚಿಕ್ಕದಾಗಿ ಹೇಳಿದ್ದೇನೆ, ಏಕೆಂದರೆ ಅಲ್ಲಿ ವೋಲ್ಟೇಜ್ ಸಾಮಾನ್ಯವಾಗಿ ಮುನ್ನೂರರ ಮೇಲಿರುತ್ತದೆ ಮತ್ತು ಆ ಪೆಟ್ಟಿಗೆಯನ್ನು ತೆರೆಯುವುದು ತರಬೇತಿ ಪಡೆದವರ ಕೆಲಸ.

ಕೈ ಹಾಕುವ ಮೊದಲು

60 ವೋಲ್ಟ್‌ಗಿಂತ ಕಡಿಮೆಯ ನೇರ ವಿದ್ಯುತ್ತಿನಿಂದ ಒಣ ಕೈಗೆ ದೊಡ್ಡ ಆಘಾತವಾಗುವ ಸಂಭವ ಕಡಿಮೆ. ಆದರೆ ಈ ಬ್ಯಾಟರಿಗಳ ಅಪಾಯವಿರುವುದು ಅವು ಕೊಡಬಲ್ಲ ಕರೆಂಟಿನಲ್ಲಿ. ಒಂದು ಸ್ಪ್ಯಾನರ್ ಎರಡು ಬಸ್‌ಬಾರ್‌ಗಳ (ಸೆಲ್ಲುಗಳನ್ನು ಜೋಡಿಸುವ ಲೋಹದ ಪಟ್ಟಿಗಳ) ಮೇಲೆ ಅಡ್ಡಬಿದ್ದರೆ ನೂರಾರು ಆಂಪಿಯರ್ ಹರಿದು ಕಬ್ಬಿಣ ಕಣ್ಣೆದುರೇ ಕೆಂಪಗೆ ಕಾಯುತ್ತದೆ. ಆದ್ದರಿಂದ ಉಂಗುರ, ಕೈಗಡಿಯಾರ, ಕೊರಳ ಸರವನ್ನು ತೆಗೆದಿಡಿ, ಸ್ಪ್ಯಾನರ್ ಮತ್ತು ಸ್ಕ್ರೂಡ್ರೈವರ್‌ಗಳಿಗೆ ಬಾಯಿಯ ತುದಿಯೊಂದನ್ನು ಬಿಟ್ಟು ಉಳಿದ ಭಾಗಕ್ಕೆಲ್ಲ ಇನ್ಸುಲೇಷನ್ ಟೇಪ್ ಸುತ್ತಿ, ಕನ್ನಡಕ ಧರಿಸಿ. ಮೀಟರಿನ ಕೆಂಪು ತಂತಿಯನ್ನು ಆಂಪಿಯರ್ ರಂಧ್ರದಲ್ಲಿಟ್ಟು ವೋಲ್ಟೇಜ್ ಅಳೆಯಲು ಹೋಗುವುದು ನಾನು ಪದೇಪದೇ ಕಂಡಿರುವ ತಪ್ಪು. ಪ್ರತಿ ಸಲವೂ ರಂಧ್ರವನ್ನು ನೋಡಿಕೊಂಡೇ ತುದಿಯನ್ನು ತಾಗಿಸಿ.

ಬ್ಯಾಟರಿ ಉಬ್ಬಿದ್ದರೆ, ಸಿಹಿಮಿಶ್ರಿತ ರಾಸಾಯನಿಕದ ವಾಸನೆ ಬರುತ್ತಿದ್ದರೆ, ಬಳಸದೆ ಇಟ್ಟಿದ್ದರೂ ಬೆಚ್ಚಗಿದ್ದರೆ ಅದನ್ನು ತೆರೆಯಬೇಡಿ. ಬಯಲಿಗೆ ಒಯ್ದು, ಉರಿಯುವ ವಸ್ತುಗಳಿಂದ ದೂರವಿಟ್ಟು, ತಯಾರಕರ ಸೇವಾ ಕೇಂದ್ರಕ್ಕೆ ತಿಳಿಸಿ. ವಾರಂಟಿ ಇನ್ನೂ ಮುಗಿಯದ ಬ್ಯಾಟರಿಯಾದರೆ ಮುದ್ರೆ ಒಡೆದ ಕೂಡಲೇ ಸಾಮಾನ್ಯವಾಗಿ ವಾರಂಟಿ ಹೋಗುತ್ತದೆಯೆಂಬುದನ್ನು ಮಾಲೀಕರಿಗೆ ಮೊದಲೇ ಹೇಳಿ, ಅವರು ಒಪ್ಪಿದ ಮೇಲಷ್ಟೇ ಮುಂದುವರಿಯಿರಿ.

ಉಪಕರಣಗಳು ಹೆಚ್ಚೇನೂ ಬೇಕಾಗುವುದಿಲ್ಲ. ಮಿಲಿವೋಲ್ಟ್‌ವರೆಗೆ ತೋರಿಸುವ ಒಳ್ಳೆಯ ಮಲ್ಟಿಮೀಟರ್, ನೇರ ವಿದ್ಯುತ್ತನ್ನು ಅಳೆಯಬಲ್ಲ ಕ್ಲ್ಯಾಂಪ್ ಮೀಟರ್, ಬಿಎಂಎಸ್ ಜೊತೆ ಮಾತನಾಡುವ ಆ್ಯಪ್ ಅಥವಾ ಕೇಬಲ್, ಒಂದು ನೋಟುಬುಕ್ಕು, ಮತ್ತು ಹಳೆಯ ಕಾಲದ 60 ವಾಟಿನ ತಂತಿಬಲ್ಬು ಸಾಕು. ಬಲ್ಬು ಏಕೆಂಬುದು ಮುಂದೆ ಗೊತ್ತಾಗುತ್ತದೆ.

ಬ್ಯಾಟರಿಯ ಜಾತಕ

ಬ್ಯಾಟರಿಯ ಮೇಲಿನ ಚೀಟಿಯನ್ನು ಮೊದಲು ಓದಿ, ಒಳಗಿರುವುದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ಲೋ ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್) ಸೆಲ್ಲೋ ಎಂದು ಖಚಿತಪಡಿಸಿಕೊಳ್ಳಿ. ಎಲ್‌ಎಫ್‌ಪಿ ಸೆಲ್ಲಿನ ಸರಾಸರಿ ವೋಲ್ಟೇಜ್ 3.2, ತುಂಬಿದಾಗಿನ ಗರಿಷ್ಠ 3.65. ಎನ್‌ಎಂಸಿ ಸೆಲ್ಲಿನದು ಸರಾಸರಿ 3.6 ಅಥವಾ 3.7, ಗರಿಷ್ಠ 4.2. ಆಟೊಗಳಲ್ಲಿ ಸಾಮಾನ್ಯವಾಗಿ ಕಾಣುವ 51.2 ವೋಲ್ಟಿನ ಬ್ಯಾಟರಿಯೆಂದರೆ 16 ಎಲ್‌ಎಫ್‌ಪಿ ಸೆಲ್ಲುಗಳ ಸರಣಿ. ಪೂರ್ತಿ ತುಂಬಿದಾಗ ಅದರ ಮಿತಿ 58.4 ವೋಲ್ಟ್. 14 ಎನ್‌ಎಂಸಿ ಸೆಲ್ಲುಗಳ ಸರಣಿಯ ಮಿತಿ 58.8 ವೋಲ್ಟ್. ಈ ಎರಡು ಒಟ್ಟು ಅಂಕಿಗಳು ಇಷ್ಟೊಂದು ಹತ್ತಿರವಿರುವುದರಿಂದಲೇ ಒಂದರ ಚಾರ್ಜರನ್ನು ಅಥವಾ ಬಿಎಂಎಸ್ಸನ್ನು ಇನ್ನೊಂದಕ್ಕೆ ಹಾಕುವ ತಪ್ಪು ನಡೆಯುತ್ತದೆ. ಒಟ್ಟು ವೋಲ್ಟೇಜ್ ಹೊಂದಿಕೊಂಡಂತೆ ಕಂಡರೂ ಎಲ್‌ಎಫ್‌ಪಿಗೆ ಎನ್‌ಎಂಸಿಯ ಬೋರ್ಡ್ ಹಾಕಿದರೆ ಅದು ಪ್ರತಿ ಸೆಲ್ಲನ್ನೂ 4.2ರವರೆಗೆ ಏರಲು ಬಿಡುತ್ತದೆ, ಎಂದರೆ ಅದರ ಕಾವಲು ಇದ್ದೂ ಇಲ್ಲದಂತೆಯೇ ಸರಿ.

ಪೆಟ್ಟಿಗೆ ತೆರೆಯದೆ ತಿಳಿಯುವ ಸಂಗತಿಗಳು

ಮಾಲೀಕರನ್ನು ಸಮಾಧಾನವಾಗಿ ಕೇಳಿ. ಯಾವ ಹೊತ್ತಿನಲ್ಲಿ ನಿಂತಿತು, ಏರು ಹತ್ತುವಾಗಲೇ, ಚಾರ್ಜ್ ಮಾಡುವಾಗಲೇ, ಮಳೆಯಲ್ಲಿ ತೊಳೆದ ಮೇಲೆಯೇ, ತಿಂಗಳುಗಟ್ಟಲೆ ನಿಲ್ಲಿಸಿದ ಮೇಲೆಯೇ ಎಂಬ ಉತ್ತರಗಳು ಅರ್ಧ ಕೆಲಸವನ್ನು ಮುಗಿಸಿಕೊಡುತ್ತವೆ. ಕಲಬುರಗಿ, ರಾಯಚೂರುಗಳ ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನವೆಲ್ಲ ಓಡಿ ಬಂದ ವಾಹನವನ್ನು ಕೂಡಲೇ ಚಾರ್ಜಿಗೆ ಹಾಕಿದರೆ ಅದು ಚಾರ್ಜ್ ತೆಗೆದುಕೊಳ್ಳದಿರಬಹುದು. ಚಾರ್ಜ್ ಮಾಡುವಾಗ ಸೆಲ್ಲಿನ ಶಾಖ ಸುಮಾರು 45 ಡಿಗ್ರಿ ಮೀರಬಾರದೆಂದು ಹೆಚ್ಚಿನ ಬಿಎಂಎಸ್‌ಗಳಲ್ಲಿ ಮಿತಿ ಇಟ್ಟಿರುತ್ತಾರೆ, ಹೊರಬಿಡುವಾಗಿನ ಮಿತಿ ಅದಕ್ಕಿಂತ ಹೆಚ್ಚಿರುತ್ತದೆ. ಓಡುವಾಗ ಏನೂ ಆಗದೆ ಚಾರ್ಜಿಗೆ ಹಾಕಿದಾಗ ಮಾತ್ರ ನಿರಾಕರಿಸಿದರೆ, ನೆರಳಿನಲ್ಲಿ ಎರಡು ಗಂಟೆ ನಿಲ್ಲಿಸಿ ಮತ್ತೆ ಪ್ರಯತ್ನಿಸಿ. ಆಗ ಚಾರ್ಜ್ ಹಿಡಿದರೆ ಅಲ್ಲಿ ದೋಷವೇ ಇಲ್ಲ.

ಬಹಳ ದಿನ ನಿಲ್ಲಿಸಿದ ಬ್ಯಾಟರಿಯ ಹೊರತುದಿಗಳಲ್ಲಿ ಸೊನ್ನೆ ವೋಲ್ಟ್ ಕಂಡರೆ ಗಾಬರಿಯಾಗಬೇಡಿ. ಬಿಎಂಎಸ್ ನಿದ್ರೆಗೆ ಜಾರಿರಬಹುದು, ಅಥವಾ ಸೆಲ್ ಕೆಳಮಿತಿಗೆ ಇಳಿದಿದ್ದರಿಂದ ಹೊರದಾರಿಯನ್ನು ಮುಚ್ಚಿರಬಹುದು. ಸರಿಯಾದ ಚಾರ್ಜರ್ ಜೋಡಿಸಿದರೆ ಹೆಚ್ಚಿನವು ಎಚ್ಚರಗೊಳ್ಳುತ್ತವೆ. ಎಚ್ಚರಗೊಳ್ಳದಿದ್ದರೆ ಒಳಗಿನ ಸೆಲ್ಲುಗಳನ್ನು ಅಳೆಯದೆ ಹೊರಗಿನಿಂದ ನೇರವಾಗಿ ಚಾರ್ಜ್ ತುಂಬಲು ಹೋಗಬಾರದು. ತೀರ ಕೆಳಗಿಳಿದ ಸೆಲ್ಲಿನೊಳಗೆ ತಾಮ್ರದ ಹಾಳೆ ಕರಗಲು ಶುರುವಾಗಿರುತ್ತದೆ, ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಒಳಗೇ ಎಳೆಎಳೆಯಾಗಿ ಕೂತು ಶಾರ್ಟ್ ಆಗುವ ಸಂಭವವಿದೆ. 2 ವೋಲ್ಟಿಗಿಂತ ಕೆಳಗೆ ಬಹುಕಾಲ ಇದ್ದ ಸೆಲ್ಲನ್ನು ನಾನು ಮತ್ತೆ ಬಳಕೆಗೆ ತರುವುದಿಲ್ಲ, ಎಷ್ಟೇ ಒತ್ತಾಯ ಬಂದರೂ.

ಚಾರ್ಜರನ್ನು ಬೇರೆಯಾಗಿಯೇ ಪರೀಕ್ಷಿಸಿ. ಕೆಲವು ಚಾರ್ಜರ್‌ಗಳು ಬ್ಯಾಟರಿಯ ಜೊತೆ ಸಂದೇಶ ವಿನಿಮಯವಾಗುವವರೆಗೂ ವೋಲ್ಟೇಜ್ ಕೊಡುವುದಿಲ್ಲವಾದ್ದರಿಂದ, ಖಾಲಿ ತುದಿಯಲ್ಲಿ ಸೊನ್ನೆ ಕಂಡ ಮಾತ್ರಕ್ಕೆ ಚಾರ್ಜರ್ ಕೆಟ್ಟಿದೆಯೆಂದು ತೀರ್ಮಾನಿಸುವಂತಿಲ್ಲ. ಅದೇ ಮಾದರಿಯ ಇನ್ನೊಂದು ವಾಹನಕ್ಕೆ ಹಾಕಿ ನೋಡುವುದೇ ಸುಲಭದ ದಾರಿ.

ಬಿಎಂಎಸ್ ಹೇಳುವುದನ್ನು ಓದುವುದು

ಆ್ಯಪ್ ತೆರೆದು ಪ್ರತಿ ಸೆಲ್ಲಿನ ವೋಲ್ಟೇಜನ್ನು ನೋಟುಬುಕ್ಕಿನಲ್ಲಿ ಸಾಲಾಗಿ ಬರೆದುಕೊಳ್ಳಿ. ಒಂದೇ ಸಲ ನೋಡಿ ತೀರ್ಪು ಕೊಡಬೇಡಿ. ವಾಹನ ಒಂದು ಗಂಟೆ ಸುಮ್ಮನೆ ನಿಂತ ಮೇಲೆ ಒಮ್ಮೆ, ಭಾರ ಎಳೆಯುವಾಗ ಒಮ್ಮೆ, ಚಾರ್ಜ್ ತುಂಬುತ್ತ ಬಂದಾಗ ಒಮ್ಮೆ, ಬರಿದಾಗುತ್ತ ಬಂದಾಗ ಒಮ್ಮೆ ಹೀಗೆ ನಾಲ್ಕು ಸಾಲುಗಳು ಬೇಕು. ಈ ನಾಲ್ಕು ಸಾಲುಗಳಲ್ಲಿ ಯಾವ ಸೆಲ್ ಎಲ್ಲಿ ದಾರಿ ತಪ್ಪುತ್ತದೆಯೆಂಬುದರ ಮೇಲೆ ಕಾಯಿಲೆಯ ಹೆಸರು ನಿಂತಿದೆ.

ಎಲ್‌ಎಫ್‌ಪಿ ಸೆಲ್ಲುಗಳ ವಿಷಯದಲ್ಲಿ ಇದು ಇನ್ನಷ್ಟು ಮುಖ್ಯ. ಅವುಗಳ ವೋಲ್ಟೇಜ್ ನಡುಭಾಗದಲ್ಲಿ ಬಹುತೇಕ ಸಮತಟ್ಟಾಗಿರುತ್ತದೆ. ಅರ್ಧ ತುಂಬಿದ ಸೆಲ್ಲಿಗೂ ಮುಕ್ಕಾಲು ತುಂಬಿದ ಸೆಲ್ಲಿಗೂ ವ್ಯತ್ಯಾಸ ಬಹಳ ಸಣ್ಣದು. ಹಾಗಾಗಿ ನಡುವಿನಲ್ಲಿ ಎಲ್ಲವೂ 3.30 ಎಂದು ಸಾಲಾಗಿ ನಿಂತಿದ್ದರೂ ಮೋಸಹೋಗಬಾರದು. ಮೇಲ್ತುದಿಯಲ್ಲಿ, ಎಂದರೆ 3.45 ದಾಟಿದ ಮೇಲೆ, ಅವು ಒಮ್ಮೆಲೇ ಚದುರುತ್ತವೆ. ಒಂದು ಸೆಲ್ ತುಂಬುವಾಗ ಎಲ್ಲಕ್ಕಿಂತ ಮೊದಲು ಮೇಲೆ ಹಾರಿ, ಬರಿದಾಗುವಾಗಲೂ ಎಲ್ಲಕ್ಕಿಂತ ಮೊದಲು ಕೆಳಗೆ ಬಿದ್ದರೆ ಅದರ ಹೊಟ್ಟೆಯೇ ಚಿಕ್ಕದಾಗಿದೆ, ಸಾಮರ್ಥ್ಯ ಕುಗ್ಗಿದೆಯೆಂದು ಅರ್ಥ. ತುಂಬುವಾಗ ಮೊದಲು ಮೇಲೇರಿ, ಬರಿದಾಗುವಾಗ ಎಲ್ಲಕ್ಕಿಂತ ಕೊನೆಗೆ ಇಳಿದರೆ ಆ ಸೆಲ್ ಚೆನ್ನಾಗಿಯೇ ಇದೆ, ಉಳಿದವುಗಳಿಗಿಂತ ಹೆಚ್ಚು ತುಂಬಿಕೊಂಡಿದೆ ಅಷ್ಟೆ. ಸಮತೋಲನ ಮಾಡಿದರೆ ಸಾಕು. ಮೊದಲನೆಯದಕ್ಕೆ ಸೆಲ್ ಬದಲಿಸಬೇಕು, ಎರಡನೆಯದಕ್ಕೆ ಸಮಯ ಕೊಡಬೇಕು.

ಸಮಯ ಎಷ್ಟೆಂದು ಲೆಕ್ಕ ಹಾಕಬಹುದು. ಹೆಚ್ಚಿನ ಬೋರ್ಡುಗಳು ಹೆಚ್ಚು ತುಂಬಿದ ಸೆಲ್ಲಿನ ಕರೆಂಟನ್ನು ಪುಟ್ಟ ರೆಸಿಸ್ಟರ್ ಮೂಲಕ ಹರಿಸಿ ಶಾಖವಾಗಿ ಕಳೆಯುತ್ತವೆ, ಅದೂ 50 ಮಿಲಿ ಆಂಪಿಯರ್‌ನಂಥ ಸಣ್ಣ ಪ್ರಮಾಣದಲ್ಲಿ. 100 ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ ಒಂದು ಸೆಲ್ ಶೇ. 3ರಷ್ಟು ಮುಂದಿದ್ದರೆ ಕಳೆಯಬೇಕಾದದ್ದು 3 ಆಂಪಿಯರ್ ಗಂಟೆ. ಅದಕ್ಕೆ 60 ಗಂಟೆಗಳ ಸಮತೋಲನ ಬೇಕು. ಅನೇಕ ಬೋರ್ಡುಗಳು ಈ ಕೆಲಸವನ್ನು ಚಾರ್ಜಿನ ಕೊನೆಯ ಹಂತದಲ್ಲಷ್ಟೇ ಮಾಡುವುದರಿಂದ, ದಿನವೂ ಶೇ. 80ಕ್ಕೆ ಚಾರ್ಜ್ ನಿಲ್ಲಿಸುವ ಚಾಲಕರ ಬ್ಯಾಟರಿಗೆ ಆ ಅವಕಾಶವೇ ಸಿಗುವುದಿಲ್ಲ. ವಾರಕ್ಕೊಮ್ಮೆ ಪೂರ್ತಿ ತುಂಬಿಸಿ, ತುಂಬಿದ ಮೇಲೂ ರಾತ್ರಿಯಿಡೀ ಜೋಡಿಸಿಟ್ಟರೆ ಒಂದೆರಡು ತಿಂಗಳಲ್ಲಿ ಸೆಲ್ಲುಗಳು ಸಾಲಿಗೆ ಬರುವುದನ್ನು ನಾನು ಹಲವು ಆಟೊಗಳಲ್ಲಿ ನೋಡಿದ್ದೇನೆ. ಇದಕ್ಕೆ ಒಂದು ರೂಪಾಯಿಯ ಬಿಡಿಭಾಗವೂ ಬೇಕಾಗಲಿಲ್ಲ.

ಇನ್ನೊಂದು ಬಗೆ ಇದೆ. ನಿಂತಾಗ ಎಲ್ಲ ಸೆಲ್ಲುಗಳೂ ಸಮ, ಭಾರ ಬಿದ್ದಾಗ ಒಂದು ಮಾತ್ರ ಕುಸಿಯುತ್ತದೆ, ಚಾರ್ಜ್ ಆಗುವಾಗ ಅದೇ ಸೆಲ್ ಉಳಿದವುಗಳಿಗಿಂತ ಮೇಲಿರುತ್ತದೆ. ಇದು ರೋಧದ, ಎಂದರೆ ಕರೆಂಟಿನ ದಾರಿಯಲ್ಲಿರುವ ತಡೆಯ, ಲಕ್ಷಣ. ಆ ರೋಧ ಸೆಲ್ಲಿನ ಒಳಗಿದೆಯೋ ಹೊರಗಿನ ಜೋಡಣೆಯಲ್ಲಿದೆಯೋ ಎಂಬುದನ್ನು ಮೀಟರಿನಿಂದ ಬೇರ್ಪಡಿಸಬಹುದು. ಭಾರ ಎಳೆಯುತ್ತಿರುವಾಗ ಮೀಟರಿನ ಒಂದು ತುದಿಯನ್ನು ಸೆಲ್ಲಿನ ಲೋಹದ ತುದಿಯ ಮೇಲೂ ಇನ್ನೊಂದನ್ನು ಅದರ ಮೇಲೆ ಕೂತ ಬಸ್‌ಬಾರಿನ ಮೇಲೂ ಇಟ್ಟು ನೋಡಿ. ಒಂದು ಮಿಲಿ ಓಮ್ ರೋಧವಿದ್ದರೂ 60 ಆಂಪಿಯರ್ ಹರಿಯುವಾಗ 60 ಮಿಲಿವೋಲ್ಟ್ ಕಾಣುತ್ತದೆ, ಮತ್ತು ಅದೇ ಜಾಗದಲ್ಲಿ 3.6 ವಾಟ್ ಶಾಖ ಹುಟ್ಟುತ್ತಿರುತ್ತದೆ. ಅಲ್ಲಿ ಬೋಲ್ಟ್ ಸಡಿಲವಾಗಿದೆ ಅಥವಾ ಬೆಸುಗೆ ಬಿಟ್ಟಿದೆ. ಅಲ್ಲಿ ಏನೂ ಕಾಣದಿದ್ದರೆ ಸೆಲ್ಲೇ ಮುದಿಯಾಗಿದೆ.

ಆ ಆಟೊದ ಏಳು ಮತ್ತು ಎಂಟನೆಯ ಸೆಲ್

ಈಗ ಮೊದಲು ಹೇಳಿದ ಆಟೊಗೆ ಬರೋಣ. ಆ್ಯಪ್‌ನಲ್ಲಿ 14 ಸೆಲ್ಲುಗಳು 3.31 ತೋರಿಸುತ್ತಿದ್ದವು, ಏಳನೆಯದು 3.02, ಎಂಟನೆಯದು 3.60. ಎಂಟನೆಯ ಸೆಲ್ ಮಿತಿಗೆ ಹತ್ತಿರ ಬಂದಿದೆಯೆಂದು ನಂಬಿದ ಬಿಎಂಎಸ್ ಚಾರ್ಜ್ ನಿಲ್ಲಿಸುತ್ತಿತ್ತು, ಅದರ ಪಾಲಿಗೆ ಅದು ಸರಿಯಾದ ನಿರ್ಧಾರವೇ. ಆದರೆ 3.02ಕ್ಕೆ 3.60 ಕೂಡಿಸಿದರೆ 6.62 ಬರುತ್ತದೆ. 3.31ರ ಎರಡರಷ್ಟೂ 6.62. ಅಕ್ಕಪಕ್ಕದ ಎರಡು ಸೆಲ್ಲುಗಳಲ್ಲಿ ಒಂದು ಏರಿ, ಇನ್ನೊಂದು ಅಷ್ಟೇ ಇಳಿದು, ಎರಡರ ಮೊತ್ತ ಮಾತ್ರ ಸರಿಯಾಗಿದ್ದರೆ ಅವೆರಡೂ ಸೇರುವ ಜಾಗದಿಂದ ಬೋರ್ಡಿಗೆ ಹೋಗುವ ಅಳತೆಯ ತಂತಿಯ ಸಂಪರ್ಕ ಕೆಟ್ಟಿದೆಯೆಂದೇ ಮೊದಲು ಅನುಮಾನಿಸಬೇಕು. ಆ ನಡುವಿನ ತಂತಿ ಎರಡೂ ಸೆಲ್ಲುಗಳಿಗೆ ಹಂಚಿಕೆಯಾಗಿರುವುದರಿಂದ ಅದು ಸಡಿಲವಾದರೆ ಅಳತೆಯ ಗಡಿ ಅತ್ತಿತ್ತ ಸರಿಯುತ್ತದೆ, ಹೊಲದ ಬದು ಸರಿದರೆ ಒಬ್ಬರಿಗೆ ಹೆಚ್ಚಾಗಿ ಇನ್ನೊಬ್ಬರಿಗೆ ಅಷ್ಟೇ ಕಡಿಮೆಯಾಗುವಂತೆ.

ಪೆಟ್ಟಿಗೆ ತೆರೆದು ಸೆಲ್ಲುಗಳ ತುದಿಯಲ್ಲೇ ಮೀಟರಿಟ್ಟೆ. ಏಳು ಮತ್ತು ಎಂಟು ಎರಡೂ 3.31 ತೋರಿಸಿದವು. ಕನೆಕ್ಟರನ್ನು ಬೋರ್ಡಿನಿಂದ ಬಿಡಿಸಿ, ಸರಣಿಯ ಋಣತುದಿಗೆ ಕಪ್ಪು ತಂತಿಯಿಟ್ಟು, ಕೆಂಪು ತಂತಿಯ ತುದಿಯನ್ನು ಒಂದೊಂದೇ ಪಿನ್ನಿಗೆ ತಾಗಿಸುತ್ತ ಹೋದೆ. ಈ ಪರೀಕ್ಷೆಯಲ್ಲಿ ಅಂಕಿ ಮೆಟ್ಟಿಲಿನಂತೆ ಸಮವಾಗಿ ಏರಬೇಕು: 3.3, 6.6, 9.9, 13.2 ಹೀಗೆ ಹದಿನಾರನೆಯದಕ್ಕೆ ಸುಮಾರು 53 ವೋಲ್ಟ್. ಏಳನೆಯ ಪಿನ್ನಿನಲ್ಲಿ ಅಂಕಿ ನಿಲ್ಲದೆ ಕುಣಿಯುತ್ತಿತ್ತು. ತಂತಿಯನ್ನು ಬೆರಳಿನಿಂದ ಮೆಲ್ಲಗೆ ಹಿಂದಕ್ಕೆ ಒತ್ತಿದರೆ 23.1ಕ್ಕೆ ಬಂದು ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ ಜಾರುತ್ತಿತ್ತು. ಪಿನ್ನು ತಂತಿಯ ತಾಮ್ರವನ್ನು ಕಚ್ಚುವ ಬದಲು ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಕಚ್ಚಿ ಹಿಡಿದಿತ್ತು. ನಮ್ಮ ಕಚ್ಚಾ ರಸ್ತೆಗಳ ಅಲುಗಾಟದಲ್ಲಿ ಅದು ಇಷ್ಟು ದಿನ ಬಂದದ್ದೇ ಹೆಚ್ಚು. ಹಳೆಯ ಬೋರ್ಡ್ ಬದಲಿಸಿದವರು ಅದೇ ತಂತಿಗಳ ಗೊಂಚಲನ್ನೇ ಹೊಸ ಬೋರ್ಡಿಗೆ ಚುಚ್ಚಿದ್ದರಿಂದ ದೋಷವೂ ಜೊತೆಯಲ್ಲೇ ಹೊಸ ಬೋರ್ಡಿಗೆ ಬಂದಿತ್ತು. ಆ ಪಿನ್ನನ್ನು ಕತ್ತರಿಸಿ ಹೊಸದನ್ನು ಹಾಕಿದ ಮೇಲೆ ಚಾರ್ಜ್ ನೂರಕ್ಕೆ ಮುಟ್ಟಿತು.

ಮೆಟ್ಟಿಲಿನಂತೆ ಏರುವ ಈ ಪರೀಕ್ಷೆಯನ್ನು ಬೋರ್ಡ್ ಬದಲಿಸುವ ಪ್ರತಿ ಸಲವೂ ಕನೆಕ್ಟರ್ ಚುಚ್ಚುವ ಮೊದಲು ಮಾಡಲೇಬೇಕು. ಎರಡು ತಂತಿಗಳು ಅದಲುಬದಲಾಗಿದ್ದರೆ ಹೊಸ ಬೋರ್ಡಿನ ಅಳತೆಯ ಚಿಪ್ಪು ಕ್ಷಣದಲ್ಲಿ ಸುಟ್ಟುಹೋಗಬಹುದು. ಸಾಮಾನ್ಯವಾಗಿ ಬೋರ್ಡಿನ ದಪ್ಪ ಋಣತಂತಿಯನ್ನು ಮೊದಲು ಜೋಡಿಸಿ ಆಮೇಲೆ ಈ ಕನೆಕ್ಟರನ್ನು ಚುಚ್ಚುತ್ತಾರೆ, ಬಿಡಿಸುವಾಗ ಇದರ ಹಿಮ್ಮುಖ ಕ್ರಮ. ತಯಾರಕರು ಬೇರೆ ಕ್ರಮ ಸೂಚಿಸಿದ್ದರೆ ಅದನ್ನೇ ಅನುಸರಿಸಿ.

ಒಂದು ಸೆಲ್ ಮಾತ್ರ ದಿನೇದಿನೇ ತಾನಾಗಿ ಇಳಿಯುತ್ತಿದ್ದರೆ ಅದೂ ಎರಡು ಕಾರಣಗಳಿಂದ ಆಗಬಹುದು. ಸೆಲ್ಲಿನೊಳಗೇ ಸೋರಿಕೆಯಿರಬಹುದು, ಅಥವಾ ಬೋರ್ಡಿನ ಮೇಲಿನ ಸಮತೋಲನದ ಸ್ವಿಚ್ಚು ಆರದೆ ಅಂಟಿಕೊಂಡು ಆ ಸೆಲ್ಲನ್ನು ಸದಾ ಹೀರುತ್ತಿರಬಹುದು. ಕನೆಕ್ಟರನ್ನು ಬಿಡಿಸಿಟ್ಟು ಮೂರು ದಿನ ಕಾದು ಮೀಟರಿನಿಂದ ಮತ್ತೆ ಅಳೆಯಿರಿ. ಬಿಡಿಸಿಟ್ಟಾಗಲೂ ಇಳಿದರೆ ಸೆಲ್ ಕೆಟ್ಟಿದೆ, ಆ ಬ್ಯಾಟರಿಯನ್ನು ರಸ್ತೆಗೆ ಬಿಡಬೇಡಿ. ಬಿಡಿಸಿಟ್ಟಾಗ ಇಳಿಯದಿದ್ದರೆ ಬೋರ್ಡ್ ಕೆಟ್ಟಿದೆ. ಜೋಡಿಸಿದ ಸ್ಥಿತಿಯಲ್ಲಿ ಆ ಸೆಲ್ಲಿಗೆ ಸೇರಿದ ರೆಸಿಸ್ಟರ್ ಒಂದೇ ಬೆಚ್ಚಗಿರುವುದನ್ನೂ ಗಮನಿಸಬಹುದು.

ಶಾಖ ಮತ್ತು ಕರೆಂಟಿನ ಅಳತೆ

ಶಾಖ ಅಳೆಯುವ ಥರ್ಮಿಸ್ಟರ್ ಬಹುತೇಕ 25 ಡಿಗ್ರಿಯಲ್ಲಿ 10 ಕಿಲೋ ಓಮ್ ಇರುವಂಥದ್ದು. ಶಾಖ ಏರಿದಂತೆ ಅದರ ರೋಧ ಇಳಿಯುತ್ತದೆ: 30 ಡಿಗ್ರಿಯಲ್ಲಿ ಸುಮಾರು 8, 50 ಡಿಗ್ರಿಯಲ್ಲಿ ಸುಮಾರು 4 ಕಿಲೋ ಓಮ್. ಅದರ ತಂತಿ ತುಂಡಾದರೆ ರೋಧ ಅಪಾರವೆಂದು ಭಾಸವಾಗಿ ಬಿಎಂಎಸ್ ಮೈನಸ್ 40ರಂಥ ಅಸಾಧ್ಯ ಚಳಿಯನ್ನು ತೋರಿಸುತ್ತದೆ, ಶಾರ್ಟ್ ಆದರೆ ಅಸಾಧ್ಯ ಬಿಸಿಯನ್ನು ತೋರಿಸುತ್ತದೆ. ನಮ್ಮ ನಾಡಿನಲ್ಲಿ ಬ್ಯಾಟರಿ ಮೈನಸ್‌ಗೆ ಇಳಿಯುವ ಊರಿಲ್ಲವಾದ್ದರಿಂದ ಇದನ್ನು ಗುರುತಿಸುವುದು ಸುಲಭ. ಕಷ್ಟವಾಗುವುದು ಥರ್ಮಿಸ್ಟರ್ ತನ್ನ ಜಾಗದಿಂದ ಕಳಚಿ ಗಾಳಿಯಲ್ಲಿ ತೂಗುತ್ತಿರುವಾಗ. ಅಂಕಿ ನಂಬುವಂತಿರುತ್ತದೆ, ಆದರೆ ಸೆಲ್ ಕಾದರೂ ಅದು ಏರುವುದಿಲ್ಲ. ಅರ್ಧ ಗಂಟೆ ಭಾರ ಎಳೆದ ಮೇಲೆ ಒಂದು ಸಂವೇದಕ ಮಾತ್ರ ಮೊದಲಿನ ಅಂಕಿಯಲ್ಲೇ ನಿಂತಿದ್ದರೆ ಅದು ಸೆಲ್ಲಿಗೆ ಅಂಟಿಕೊಂಡಿದೆಯೇ ಎಂದು ಕಣ್ಣಾರೆ ನೋಡಿ.

ಈ ಸಂವೇದಕದ ಜಾಗದಲ್ಲಿ ಒಂದು 10 ಕಿಲೋ ಓಮ್ ರೆಸಿಸ್ಟರ್ ಬೆಸೆದು ಬಿಎಂಎಸ್ಸನ್ನು ಸುಮ್ಮನಾಗಿಸುವ ಕೆಟ್ಟ ರೂಢಿ ಕೆಲವು ಕಡೆ ಇದೆ. ಮನೆಯ ಫ್ಯೂಸ್ ಪದೇಪದೇ ಹೋಗುತ್ತದೆಂದು ದಪ್ಪ ತಂತಿ ಕಟ್ಟುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದ ಮೇಲೆ ಎಐಎಸ್-156 ಎಂಬ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಿ, ಅದೇ ವರ್ಷದ ಡಿಸೆಂಬರ್ 1ರಿಂದ ಒಂದು ಹಂತವಾಗಿಯೂ 2023ರ ಮಾರ್ಚ್ 31ರಿಂದ ಇನ್ನೊಂದು ಹಂತವಾಗಿಯೂ ಜಾರಿಗೆ ತಂದರು. ಆ ತಿದ್ದುಪಡಿಯ ದೊಡ್ಡ ಭಾಗ ಇರುವುದೇ ಬಿಎಂಎಸ್ ಮತ್ತು ಶಾಖದ ಮುನ್ನೆಚ್ಚರಿಕೆಯ ಬಗ್ಗೆ. ಆ ಎಚ್ಚರಿಕೆಯ ಬಾಯಿ ಕಟ್ಟಿದ ವಾಹನದ ಮೇಲೆ ಒಂದು ಸಂಸಾರ ಕೂತು ಹೋಗುತ್ತದೆಯೆಂಬುದನ್ನು ಬೆಸುಗೆ ಕಡ್ಡಿ ಹಿಡಿದವರು ಮರೆಯಬಾರದು.

ಶೇಕಡಾವಾರು ಅಂಕಿ ನಂಬಲಾಗದಂತಾಗಿ, 40 ತೋರಿಸುತ್ತಿದ್ದ ವಾಹನ ಒಮ್ಮೆಲೇ ನಿಂತುಹೋದರೆ ಕರೆಂಟಿನ ಅಳತೆಯನ್ನು ಪರೀಕ್ಷಿಸಿ. ಕ್ಲ್ಯಾಂಪ್ ಮೀಟರನ್ನು ಸೊನ್ನೆಗೆ ತಂದು ದಪ್ಪ ತಂತಿಗೆ ಹಾಕಿ, ಆ್ಯಪ್ ತೋರಿಸುವ ಆಂಪಿಯರ್ ಜೊತೆ ಹೋಲಿಸಿ. ವಾಹನ ನಿಂತಾಗ ಬಿಎಂಎಸ್ 0.2 ಆಂಪಿಯರ್ ತಪ್ಪಾಗಿ ಎಣಿಸಿದರೂ ದಿನಕ್ಕೆ 4.8 ಆಂಪಿಯರ್ ಗಂಟೆಯ ಸುಳ್ಳು ಲೆಕ್ಕ ಸೇರುತ್ತದೆ. 100 ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ ಅದು ಸುಮಾರು ಶೇ. 5. ಹೋಲಿಕೆ ಸರಿಯಿದ್ದರೆ ಅಳತೆಯಲ್ಲಿ ದೋಷವಿಲ್ಲ, ಲೆಕ್ಕ ಜಾರಿದೆ ಅಷ್ಟೆ. ಒಮ್ಮೆ ಪೂರ್ತಿ ತುಂಬಿಸಿದರೆ ಅದು ನೂರಕ್ಕೆ ಸರಿಹೊಂದುತ್ತದೆ.

ಸ್ವಿಚ್ಚು ಮತ್ತು ಸಂದೇಶದ ತಂತಿ

ಸೆಲ್ಲುಗಳೆಲ್ಲ ಸರಿಯಿದ್ದು ಹೊರಗೆ ಕರೆಂಟ್ ಬರದಿದ್ದರೆ ಬೋರ್ಡಿನ ಮಾಸ್ಫೆಟ್‌ಗಳನ್ನು, ಎಂದರೆ ಕರೆಂಟನ್ನು ಬಿಡುವ, ತಡೆಯುವ ಎಲೆಕ್ಟ್ರಾನಿಕ್ ಸ್ವಿಚ್ಚುಗಳನ್ನು, ನೋಡಬೇಕು. ಸೆಲ್ ಸರಣಿಯ ಧನ ಮತ್ತು ಋಣ ತುದಿಗಳ ನಡುವೆ ಅಳೆಯಿರಿ, ಆಮೇಲೆ ಹೊರಹೋಗುವ ತುದಿಗಳ ನಡುವೆ ಅಳೆಯಿರಿ. ಸ್ವಿಚ್ಚು ತೆರೆದುಕೊಂಡಿದ್ದರೂ (ಎಂದರೆ ಕರೆಂಟಿನ ದಾರಿ ಕಡಿದಿದ್ದರೂ) ಮೀಟರಿನ ಒಳರೋಧ ಅತಿ ಹೆಚ್ಚಾದ್ದರಿಂದ ಅದು 30, 40 ವೋಲ್ಟಿನ ಹುಸಿ ಅಂಕಿಯನ್ನು ತೋರಿಸುವುದುಂಟು. ಆಗ ತಂತಿಬಲ್ಬನ್ನು ಹೊರತುದಿಗಳಿಗೆ ಜೋಡಿಸಿ. ಅಂಕಿ ನಿಜವಾಗಿದ್ದರೆ ಬಲ್ಬು ಮಂದವಾಗಿ ಬೆಳಗುತ್ತದೆ, ಹುಸಿಯಾಗಿದ್ದರೆ ಮೀಟರಿನ ಅಂಕಿ ಸೊನ್ನೆಗೆ ಕುಸಿಯುತ್ತದೆ. ಸ್ವಿಚ್ಚು ತೆರೆದುಕೊಂಡಿದ್ದರೆ ಬೋರ್ಡ್ ಸುಟ್ಟಿದೆಯೆಂದು ಕೂಡಲೇ ನಿರ್ಧರಿಸಬೇಡಿ. ಯಾವುದೋ ರಕ್ಷಣೆಯ ಕಾರಣದಿಂದ ಅದೇ ತೆರೆದಿರಬಹುದು, ಆ್ಯಪ್‌ನ ಎಚ್ಚರಿಕೆಗಳ ಪಟ್ಟಿಯನ್ನು ಓದಿ.

ಇದಕ್ಕಿಂತ ಅಪಾಯದ ದೋಷವೆಂದರೆ ಮಾಸ್ಫೆಟ್ ಶಾರ್ಟ್ ಆಗಿ ಸದಾ ಚಾಲೂ ಸ್ಥಿತಿಯಲ್ಲೇ ಇರುವುದು. ವಾಹನ ಓಡುತ್ತದೆ, ಚಾರ್ಜ್ ಆಗುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ತಡೆಯಬೇಕಾದ ದಿನ ಅದು ತಡೆಯುವುದಿಲ್ಲ. ಆದ್ದರಿಂದ ಯಾವ ದೋಷಕ್ಕೆ ಬಂದ ಬ್ಯಾಟರಿಯಾದರೂ ಚಾರ್ಜ್ ಆಗುತ್ತಿರುವಾಗ ಆ್ಯಪ್‌ನಿಂದ ಚಾರ್ಜ್ ಸ್ವಿಚ್ಚನ್ನು ಆರಿಸಿ ನೋಡಿ. ಕ್ಲ್ಯಾಂಪ್ ಮೀಟರ್ ಸೊನ್ನೆಗೆ ಬರಬೇಕು. ಸ್ವಿಚ್ಚು ಆರಿದೆಯೆಂದು ಆ್ಯಪ್ ಹೇಳುತ್ತಿದ್ದು ಕರೆಂಟ್ ಹರಿಯುತ್ತಲೇ ಇದ್ದರೆ ಆ ಬೋರ್ಡನ್ನು ಅಂದೇ ತೆಗೆದುಹಾಕಿ.

ಬ್ಯಾಟರಿ, ಚಾರ್ಜರ್, ಮೋಟಾರಿನ ಕಂಟ್ರೋಲರ್ ಮೂರೂ ಒಂದರ ಮಾತು ಇನ್ನೊಂದು ಕೇಳುವುದು ಹೆಣೆದ ಎರಡು ಕ್ಯಾನ್ (ವಾಹನದೊಳಗೆ ಸಂದೇಶ ಸಾಗಿಸುವ) ತಂತಿಗಳ ಮೂಲಕ. ವಾಹನವನ್ನು ಪೂರ್ತಿ ಆರಿಸಿ ಆ ಎರಡು ತಂತಿಗಳ ನಡುವೆ ರೋಧ ಅಳೆದರೆ 60 ಓಮ್ ಬರಬೇಕು, ಏಕೆಂದರೆ ಎರಡೂ ಕೊನೆಗಳಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ. 120 ಬಂದರೆ ಒಂದು ಕೊನೆ ಕಳಚಿದೆ ಅಥವಾ ನಡುವೆ ತಂತಿ ತುಂಡಾಗಿದೆ, ಸೊನ್ನೆಗೆ ಹತ್ತಿರ ಬಂದರೆ ತಂತಿಗಳು ಒಂದಕ್ಕೊಂದು ತಾಗಿವೆ. ವಾಹನ ಚಾಲೂ ಇದ್ದಾಗ ಎರಡೂ ತಂತಿಗಳಲ್ಲಿ ಸುಮಾರು ಎರಡೂವರೆ ವೋಲ್ಟ್ ಕಾಣಬೇಕು.

ಮಳೆಗಾಲದ ತೊಂದರೆ

ತೀರ್ಥಹಳ್ಳಿ ಕಡೆಯಿಂದ ಜುಲೈ ತಿಂಗಳಲ್ಲಿ ಬರುವ ಬ್ಯಾಟರಿಗಳಲ್ಲಿ ನಾನು ಮೊದಲು ನೋಡುವುದು ಕನೆಕ್ಟರಿನ ಪಿನ್ನುಗಳ ಬುಡದಲ್ಲಿ ಹಸಿರು ಪುಡಿ ಇದೆಯೇ ಎಂದು. ತೇವ ಹೊಕ್ಕ ಅಳತೆಯ ಕನೆಕ್ಟರಿನಲ್ಲಿ ಪಕ್ಕಪಕ್ಕದ ಪಿನ್ನುಗಳ ನಡುವೆ ಸಣ್ಣ ಸೋರಿಕೆ ಶುರುವಾಗಿ, ಅಂಕಿಗಳು ಬೆಳಿಗ್ಗೆ ಒಂದು ಬಗೆ, ಬಿಸಿಲೇರಿದ ಮೇಲೆ ಇನ್ನೊಂದು ಬಗೆಯಾಗಿ ಕಾಣುತ್ತವೆ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಬ್ರಷ್ಷಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಮತ್ತೆ ಅಳೆಯಿರಿ. ಪಿನ್ನು ಸವೆದಿದ್ದರೆ ತೊಳೆದು ಪ್ರಯೋಜನವಿಲ್ಲ, ಬದಲಿಸಬೇಕು. ನೀರು ಒಳಹೊಕ್ಕ ದಾರಿಯನ್ನು, ಸಾಮಾನ್ಯವಾಗಿ ಒಡೆದ ಗ್ಯಾಸ್ಕೆಟ್ ಅಥವಾ ತಂತಿ ಒಳಹೋಗುವ ರಬ್ಬರನ್ನು, ಸರಿಪಡಿಸದೆ ಮುಚ್ಚಳ ಹಾಕಿದರೆ ಅದೇ ಬ್ಯಾಟರಿ ಆಗಸ್ಟಿನಲ್ಲಿ ಮರಳಿ ಬರುತ್ತದೆ.

ಕಾರುಗಳಲ್ಲಿ ಈ ಸೋರಿಕೆಯನ್ನು ಬಿಎಂಎಸ್ ತಾನೇ ಸದಾ ಅಳೆಯುತ್ತಿರುತ್ತದೆ. ಅಧಿಕ ವೋಲ್ಟೇಜಿನ ತಂತಿಗೂ ಕಾರಿನ ಮೈಗೂ ನಡುವೆ ನೇರ ವಿದ್ಯುತ್ ಭಾಗದಲ್ಲಿ ಪ್ರತಿ ವೋಲ್ಟಿಗೆ ಕನಿಷ್ಠ 100 ಓಮ್ ರೋಧ ಇರಬೇಕೆಂಬುದು ನಿಯಮ; 350 ವೋಲ್ಟಿನ ಬ್ಯಾಟರಿಗೆ ಅದು 35 ಕಿಲೋ ಓಮ್. ಇನ್ಸುಲೇಷನ್ ದೋಷ ಕಂಡ ಕಾರಿನಲ್ಲಿ ಸ್ಥಳೀಯ ಮೆಕ್ಯಾನಿಕರು ಮಾಡಬಹುದಾದದ್ದು 12 ವೋಲ್ಟಿನ ಚಿಕ್ಕ ಬ್ಯಾಟರಿಯ ಆರೋಗ್ಯ ನೋಡುವುದು, ಸ್ಕ್ಯಾನರಿನಿಂದ ದೋಷದ ಸಂಕೇತವನ್ನು ಓದಿ ಬರೆದುಕೊಳ್ಳುವುದು, ಮತ್ತು ಅಧಿಕ ವೋಲ್ಟೇಜಿನ ಕಿತ್ತಳೆ ಬಣ್ಣದ ತಂತಿಗಳನ್ನು ಮುಟ್ಟದೆ ಸೇವಾ ಕೇಂದ್ರಕ್ಕೆ ಕಳುಹಿಸುವುದು. ಚಿಕ್ಕ ಬ್ಯಾಟರಿ ಸೋತಾಗಲೇ ದೊಡ್ಡ ಬ್ಯಾಟರಿಯ ಹೆಸರಿನಲ್ಲಿ ಹತ್ತಾರು ದೋಷಗಳು ಏಳುವುದರಿಂದ ಆ ಮೊದಲ ಹೆಜ್ಜೆಯೇ ಎಷ್ಟೋ ಸಲ ಸಾಕಾಗುತ್ತದೆ.

ದುರಸ್ತಿಯಾದ ಬ್ಯಾಟರಿಯನ್ನು ಮಾಲೀಕರ ಕೈಗೆ ಕೊಡುವ ಮೊದಲು ನಿಮ್ಮ ಕಣ್ಣೆದುರಿಗೇ ಒಮ್ಮೆ ಪೂರ್ತಿ ತುಂಬಿಸಿ, ಒಮ್ಮೆ ಭಾರ ಹಾಕಿ ಓಡಿಸಿ, ನಾಲ್ಕು ಸಾಲುಗಳನ್ನು ಮತ್ತೆ ಬರೆದುಕೊಳ್ಳಿ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಸೆಲ್ಲುಗಳ ಅಂತರವನ್ನು ದಿನಾಂಕದ ಜೊತೆ ನಮೂದಿಸಿ, ಅದರ ಒಂದು ಪ್ರತಿಯನ್ನು ಮಾಲೀಕರಿಗೂ ಕೊಡಿ. ಮೂರು ತಿಂಗಳ ನಂತರ ಅದೇ ವಾಹನ ಬಂದಾಗ ಆ ಹಾಳೆಯ ಪಕ್ಕದಲ್ಲಿ ಹೊಸ ಅಂಕಿಗಳನ್ನಿಟ್ಟು ನೋಡಿದರೆ, ಯಾವ ಸೆಲ್ ಎತ್ತ ಸಾಗುತ್ತಿದೆಯೆಂಬುದು ಬಿಎಂಎಸ್ ಎಚ್ಚರಿಸುವುದಕ್ಕೂ ಮೊದಲೇ ಕಾಣಿಸುತ್ತದೆ.